ಪೊಲೀಸರಿಗೆ ಆನ್‌ಲೈನ್ ನಾಯಕತ್ವ ತರಬೇತಿ: ಯಾವ ದರ್ಜೆಗೆ ಯಾವ ಬಗೆ, ಠಾಣೆಯಲ್ಲಿ ಉಳಿಯುವುದೆಷ್ಟು?

ರಾತ್ರಿ ಒಂದೂವರೆ. ಕಳವು ಮಾಲು ಇದೆಯೆಂಬ ಸುಳಿವಿನ ಮೇಲೆ ತನಿಖಾಧಿಕಾರಿ ಪಂಚರನ್ನು ಕರೆದುಕೊಂಡು ಒಂದು ಮನೆಗೆ ಹೋಗಿದ್ದಾರೆ ಎಂದುಕೊಳ್ಳಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 105ರ ಪ್ರಕಾರ ಶೋಧ, ಜಪ್ತಿ ಎರಡನ್ನೂ ಆಡಿಯೊ-ವಿಡಿಯೊದಲ್ಲಿ ದಾಖಲಿಸಬೇಕು. ಇದು ತಂಡದ ಪ್ರತಿಯೊಬ್ಬರಿಗೂ ಗೊತ್ತು. 2024ರ ಜುಲೈ 1ರಂದು ಈ ಹೊಸ ಕಾನೂನು ಜಾರಿಗೆ ಬಂದ ಹೊತ್ತಿಗೆ ಎಲ್ಲರೂ ಕೋರ್ಸ್ ಮುಗಿಸಿ ಪ್ರಮಾಣಪತ್ರ ಇಳಿಸಿಕೊಂಡವರೇ. ಆದರೆ ಈಗ ಫೋನಿನಲ್ಲಿ ಬ್ಯಾಟರಿ ಶೇ 8, ಮೆಮೊರಿ ಭರ್ತಿ. ಹಳೇ ಫೋಟೊಗಳನ್ನು ಒಂದೊಂದಾಗಿ ಅಳಿಸುತ್ತ ನಿಂತಿದ್ದಾರೆ, ಪಂಚರು ಆಕಳಿಸುತ್ತಿದ್ದಾರೆ.

ಇಲ್ಲಿ ಕೈಕೊಟ್ಟದ್ದು ಕಾನೂನಿನ ತಿಳಿವಳಿಕೆ ಅಲ್ಲವೇ ಅಲ್ಲ. ಸಂಜೆ ಡ್ಯೂಟಿ ಹಂಚುವಾಗ ‘ಯಾರ ಫೋನಿನಲ್ಲಿ ಚಿತ್ರೀಕರಣ, ಎಷ್ಟು ಜಾಗ ಖಾಲಿ ಇದೆ, ಪವರ್ ಬ್ಯಾಂಕ್ ಜೀಪಿನಲ್ಲಿದೆಯೇ’ ಎಂದು ಕೇಳುವವರು ಇರಲಿಲ್ಲ, ಅಷ್ಟೆ. ಹಾಗೆ ಕೇಳುವುದನ್ನು, ದಿನವೂ ಕೇಳಿ ಅಭ್ಯಾಸ ಮಾಡಿಸುವುದನ್ನು ಕಲಿಸಿದರೆ ಅದು ನಾಯಕತ್ವ ತರಬೇತಿ. ಕೋರ್ಸ್ ಆರಿಸುವಾಗ ಇದೊಂದು ಅಳತೆಗೋಲು ಕೈಯಲ್ಲಿರಲಿ: ಕೋರ್ಸ್ ಮುಗಿದ ಮರುದಿನದ ರೋಲ್ ಕಾಲ್‌ನಲ್ಲಿ, ಅಂದರೆ ಹಾಜರಿ ಕರೆದು ಡ್ಯೂಟಿ ಹಂಚುವ ಹೊತ್ತಿನಲ್ಲಿ, ಏನು ಬೇರೆ ಕಾಣುತ್ತದೆ?

ಸದ್ಯ ಕೈಗೆಟಕುವ ಆಯ್ಕೆಗಳು ನಾಲ್ಕು ಬಗೆ. ಒಂದು, ಮೊದಲೇ ಚಿತ್ರೀಕರಿಸಿಟ್ಟ, ಬೇಕಾದಾಗ ನೋಡಬಹುದಾದ ವಿಡಿಯೊ ಕೋರ್ಸ್. ಎರಡು, ತರಬೇತುದಾರರು ನೇರವಾಗಿ ನಡೆಸುವ ಆನ್‌ಲೈನ್ ತರಗತಿ. ಮೂರು, ಐಐಟಿ ಅಥವಾ ವಿಶ್ವವಿದ್ಯಾಲಯಗಳ ಪರೀಕ್ಷೆಯಿರುವ ಕೋರ್ಸ್. ನಾಲ್ಕು, ಆನ್‌ಲೈನ್ ಪಾಠಕ್ಕೆ ಠಾಣೆಯ ಕೆಲಸವನ್ನೂ ಮೇಲಧಿಕಾರಿಯ ತಪಾಸಣೆಯನ್ನೂ ಜೋಡಿಸಿದ ಮಿಶ್ರ ಬಗೆ.

ವಿಡಿಯೊ ಕೋರ್ಸ್: ಅಗ್ಗ, ಸುಲಭ, ಮೋಸವೂ ಸುಲಭ

ಇದರಲ್ಲಿ ದೊಡ್ಡದು ಐಗಾಟ್ ಕರ್ಮಯೋಗಿ. ಕೇಂದ್ರ ಸಚಿವ ಸಂಪುಟ 2020ರ ಸೆಪ್ಟೆಂಬರ್‌ನಲ್ಲಿ ಒಪ್ಪಿದ, ಸರ್ಕಾರಿ ನೌಕರರ ತರಬೇತಿ ಯೋಜನೆಯಾದ ಮಿಷನ್ ಕರ್ಮಯೋಗಿಯ ಕಲಿಕಾ ವೇದಿಕೆ ಇದು. ನೌಕರರಿಗೆ ಖರ್ಚಿಲ್ಲ, ಫೋನಿನಲ್ಲೇ ನಡೆಯುತ್ತದೆ. ಸಣ್ಣ ವಿಡಿಯೊಗಳು, ಕೊನೆಗೊಂದು ಬಹುಆಯ್ಕೆ ಪ್ರಶ್ನೆಪತ್ರಿಕೆ, ಪ್ರಮಾಣಪತ್ರ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ, ಸಮಯ ನಿರ್ವಹಣೆ, ಒತ್ತಡ ನಿಭಾಯಿಸುವುದು, ತಂಡ ಕಟ್ಟುವುದು ಇಂಥ ವಿಷಯಗಳ ಮೊದಲ ಪರಿಚಯಕ್ಕೆ ಇದು ಸಾಕು. ನಿಯಮ, ವ್ಯಾಖ್ಯೆ, ಕಾಲಮಿತಿಗಳಂಥ ನೆನಪಿಟ್ಟುಕೊಳ್ಳಬೇಕಾದ ಸಂಗತಿಗಳಿಗೂ ಹೊಂದುತ್ತದೆ. ಉದಾಹರಣೆಗೆ, ತನಿಖೆಯ ಪ್ರಗತಿಯನ್ನು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು, ಆನ್‌ಲೈನಿನಲ್ಲಿ ದೂರು (ಇ-ಎಫ್‌ಐಆರ್) ಕೊಟ್ಟವರು 3 ದಿನದೊಳಗೆ ಬಂದು ಸಹಿ ಹಾಕಬೇಕು ಎಂಬಂಥವು.

ಕೆಡುವುದು ಎಲ್ಲಿ? ‘ತಿಂಗಳ ಕೊನೆಯೊಳಗೆ ಎಲ್ಲರೂ ಇಷ್ಟು ಕೋರ್ಸ್ ಮುಗಿಸಿರಬೇಕು’ ಎಂಬ ಮೆಮೊ ಬಂದ ದಿನ. ಆಮೇಲೆ ಫೋನು ಮೇಜಿನ ಮೇಲೆ ತಾನೇ ಓಡುತ್ತಿರುತ್ತದೆ, ಸಾಹೇಬರ ಒಟಿಪಿ ಠಾಣೆಯ ಬರವಣಿಗೆ ನೋಡುವ ರೈಟರ್ ಕೈಗೆ ಹೋಗುತ್ತದೆ, ಉತ್ತರಗಳು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹರಿದಾಡುತ್ತವೆ. ಜಿಲ್ಲೆಯ ಪಟ್ಟಿಯಲ್ಲಿ ಶೇ 100 ಎಂದು ಹಸಿರು ಬಣ್ಣ ಬರುತ್ತದೆ, ಕಲಿತವರು ಮಾತ್ರ ಯಾರೂ ಇಲ್ಲ. ಸಂಖ್ಯೆ ಕೇಳಿದವರಿಗೆ ಸಂಖ್ಯೆಯೇ ಸಿಗುವುದು. ಇದಕ್ಕೆ ಸಿಬ್ಬಂದಿಯನ್ನು ಬೈದು ಫಲವಿಲ್ಲ.

ಎರಡನೆಯ ತೊಡಕು ಭಾಷೆ ಮತ್ತು ಉದಾಹರಣೆ. ಹೆಚ್ಚಿನ ಪಾಠಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿವೆ. ಉದಾಹರಣೆಗಳಲ್ಲಿ ಬರುವುದು ಕಚೇರಿ, ಕಡತ, ಮೀಟಿಂಗ್. ಸೆಂಟ್ರಿ ಡ್ಯೂಟಿ, ಕೋರ್ಟ್ ಡ್ಯೂಟಿ, ಒಒಡಿ (ಬೇರೆಡೆಗೆ ಕಳಿಸುವ ಡ್ಯೂಟಿ) ಗಳ ನಡುವೆ ಹನ್ನೆರಡು ಜನರನ್ನು ಎಂಟು ಜಾಗಕ್ಕೆ ಹಂಚುವ ಎಎಸ್‌ಐಗೆ ಅದು ಬೇರೆ ಊರಿನ ಮಾತು.

ಮೂರನೆಯದು ಡೇಟಾ. 480ಪಿ ಗುಣಮಟ್ಟದಲ್ಲಿ ಒಂದು ಗಂಟೆ ವಿಡಿಯೊಗೆ ಸುಮಾರು ಅರ್ಧ ಜಿಬಿಗಿಂತ ಸ್ವಲ್ಪ ಹೆಚ್ಚು ಹೋಗುತ್ತದೆ. ದಿನಕ್ಕೆ 1.5 ಜಿಬಿ ಪ್ಯಾಕಿನವರು ರಾತ್ರಿ ಪಾಳಿಯಲ್ಲಿ ಅದನ್ನು ಕೋರ್ಸಿಗೆ ಖರ್ಚು ಮಾಡಲಾರರು. 240ಪಿಗೆ ಇಳಿಸಿದರೆ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಮಾತೇ ಮುಖ್ಯವಾದ ಪಾಠಕ್ಕೆ ಅಷ್ಟು ಸಾಕು.

ಈ ಬಗೆಯನ್ನೇ ಆರಿಸುವುದಾದರೆ ಒಂದು ಉಪಾಯ ಮಾಡಬಹುದು. ವಾರಕ್ಕೊಂದು ದಿನ ರೋಲ್ ಕಾಲ್ ಮುಗಿದ ಮೇಲೆ ಹತ್ತು ನಿಮಿಷದ ಒಂದೇ ತುಣುಕನ್ನು ಠಾಣೆಯ ಟಿವಿಯಲ್ಲಿ ಎಲ್ಲರೂ ಸೇರಿ ನೋಡಿ, ನಡುವೆ ಒಮ್ಮೆ ನಿಲ್ಲಿಸಿ ‘ನಮ್ಮ ಠಾಣೆಯಲ್ಲಿ ಇದು ಹೇಗೆ ನಡೀತಿದೆ?’ ಎಂದು ಕಿರಿಯರಿಂದ ಶುರುಮಾಡಿ ಕೇಳಿ. ಹಿರಿಯರು ಮೊದಲು ಬಾಯಿಬಿಟ್ಟರೆ ಉಳಿದವರು ‘ಹೌದು ಸಾರ್’ ಎಂದು ಮುಗಿಸುತ್ತಾರೆ.

ಹಾಗೆಯೇ ಕೇಂದ್ರ ಗೃಹ ಸಚಿವಾಲಯದ ಸೈಟ್ರೇನ್ ಪೋರ್ಟಲ್ ಒಳ್ಳೆಯ ವೇದಿಕೆಯೇ, ಆದರೆ ಅದು ಸೈಬರ್ ತನಿಖೆಗೆ. ನಾಯಕತ್ವದ ಲೆಕ್ಕಕ್ಕೆ ಅದನ್ನು ಸೇರಿಸಿ ಗುರಿ ಮುಟ್ಟಿತೆಂದು ಬರೆದುಕೊಳ್ಳಬೇಡಿ.

ನೇರ ತರಗತಿ: ಬ್ಯಾಚ್ ಸಣ್ಣದಿದ್ದರೆ ಮಾತ್ರ

2020ರ ಲಾಕ್‌ಡೌನ್ ಹೊತ್ತಿಗೆ ತರಬೇತಿ ಸಂಸ್ಥೆಗಳು ವೆಬಿನಾರ್‌ಗೆ ಹೊರಳಿದವು. ಅಲ್ಲಿಂದ ಉಳಿದುಬಂದ ಒಂದು ಕೆಟ್ಟ ಅಭ್ಯಾಸವೆಂದರೆ ಮುನ್ನೂರು ಜನರನ್ನು ಒಂದೇ ಲಿಂಕಿಗೆ ಸೇರಿಸಿ ಎಲ್ಲರ ಮೈಕ್ ಮುಚ್ಚಿ ಒಬ್ಬರು ಎರಡು ಗಂಟೆ ಮಾತಾಡುವುದು. ಅದು ನೇರ ತರಗತಿ ಅಲ್ಲ, ರೇಡಿಯೊ ಭಾಷಣ. ಅದರ ಬದಲು ಮೊದಲೇ ಚಿತ್ರೀಕರಿಸಿದ ವಿಡಿಯೊ ಕೊಟ್ಟರೆ ನಿಲ್ಲಿಸಿ ಹಿಂದೆ ಹೋಗುವ ಅನುಕೂಲವಾದರೂ ಇರುತ್ತದೆ.

ಸರಿಯಾದ ನೇರ ತರಗತಿಯ ಅಳತೆ ಹೀಗಿರಲಿ: ಬ್ಯಾಚಿಗೆ 20ರಿಂದ 24 ಜನ, ಇಬ್ಬರು ತರಬೇತುದಾರರು, ಒಂದು ಸಲಕ್ಕೆ 75ರಿಂದ 90 ನಿಮಿಷ, ಅದರಲ್ಲಿ ಉಪನ್ಯಾಸ 20 ನಿಮಿಷ ಮೀರಬಾರದು. ಉಳಿದದ್ದು ನಾಲ್ಕು ನಾಲ್ಕು ಜನರ ಗುಂಪಿನಲ್ಲಿ ಅಭಿನಯ. ಒಬ್ಬರು ಠಾಣಾಧಿಕಾರಿ, ಒಬ್ಬರು ಸಿಬ್ಬಂದಿ, ಇಬ್ಬರು ಗಮನಿಸಿ ಬರೆದುಕೊಳ್ಳುವವರು. ಏಳು ನಿಮಿಷ ಮಾತು, ಐದು ನಿಮಿಷ ವಿಮರ್ಶೆ, ಆಮೇಲೆ ಪಾತ್ರ ಬದಲು.

ಅಭಿನಯಕ್ಕೆ ತಕ್ಕ ಒಂದು ಸನ್ನಿವೇಶ ನೋಡಿ. ನೇರ ನೇಮಕಾತಿಯಲ್ಲಿ ಬಂದ ಇಪ್ಪತ್ತೇಳರ ಪಿಎಸ್‌ಐ, ಎದುರಿಗೆ ಇಪ್ಪತ್ತೆಂಟು ವರ್ಷ ಸರ್ವೀಸಿನ ಎಎಸ್‌ಐ. ಎಎಸ್‌ಐ ವಾರದಲ್ಲಿ ಮೂರು ಸಲ ತಡವಾಗಿ ಬಂದಿದ್ದಾರೆ. ಸಾಮಾನ್ಯವಾಗಿ ನಡೆಯುವುದು ಏನೆಂದರೆ, ರೋಲ್ ಕಾಲ್‌ನಲ್ಲೇ, ಎಲ್ಲರೆದುರು, ‘ಏನ್ರೀ, ನಿಮ್ದು ದಿನಾ ಇದೇ ಆಯ್ತಲ್ಲ, ಸೀನಿಯರ್ ಆಗಿ ನೀವೇ ಹಿಂಗಾದ್ರೆ ಹೆಂಗೆ?’ ಎಎಸ್‌ಐ ತಲೆ ತಗ್ಗಿಸುತ್ತಾರೆ. ನಾಳೆಯಿಂದ ಸಮಯಕ್ಕೆ ಬರುತ್ತಾರೆ, ಆದರೆ ಆ ಪಿಎಸ್‌ಐಗೆ ಊರಿನ ಯಾವ ಸುದ್ದಿಯನ್ನೂ ತಾವಾಗಿ ಹೇಳುವುದಿಲ್ಲ. ಠಾಣೆಗೆ ಇದು ದೊಡ್ಡ ನಷ್ಟ.

ಕಲಿಸಬೇಕಾದ ರೀತಿ ಬೇರೆ. ರೋಲ್ ಕಾಲ್ ಮುಗಿದ ಮೇಲೆ ಚೇಂಬರಿಗೆ ಕರೆದು: ‘ಬನ್ನಿ, ಕೂತ್ಕೊಳ್ಳಿ. ಸೋಮವಾರ, ಬುಧವಾರ, ಇವತ್ತು, ಮೂರು ಸಲ ಎಂಟೂವರೆ ಆಯ್ತು. ರಾತ್ರಿ ಸೆಂಟ್ರಿಯವರು ರಿಲೀಫ್ ಸಿಗದೆ ಕಾಯಬೇಕಾಯ್ತು. ಏನಾಗ್ತಿದೆ, ಹೇಳಿ.’ ಇಲ್ಲಿ ದಿನ ಇದೆ, ಯಾರಿಗೆ ತೊಂದರೆಯಾಯಿತು ಎಂಬುದಿದೆ, ಪ್ರಶ್ನೆ ಇದೆ. ಬೈಗುಳ ಇಲ್ಲ, ಬಿಟ್ಟುಕೊಟ್ಟದ್ದೂ ಇಲ್ಲ. ಓದಿದರೆ ಸುಲಭ ಎನಿಸುತ್ತದೆ. ಬಾಯಲ್ಲಿ ಆಡಿಸಿದಾಗ ಹತ್ತರಲ್ಲಿ ಏಳೆಂಟು ಜನ ‘ಏನಾಗ್ತಿದೆ’ ಎಂದು ಕೇಳಿ, ಉತ್ತರ ಬರುವ ಮೊದಲೇ ತಾವೇ ಬುದ್ಧಿ ಹೇಳಲು ತೊಡಗುತ್ತಾರೆ. ಕೇಳಿದ ಮೇಲೆ ಸುಮ್ಮನಿರುವುದನ್ನು ಯಾವ ವಿಡಿಯೊ ಪಾಠವೂ ಕಲಿಸಲಾರದು. ಎದುರಿಗೆ ಒಬ್ಬರು ಕೂತು ‘ನೀವು ಮೂರು ಸೆಕೆಂಡ್ ಕೂಡ ಕಾಯಲಿಲ್ಲ’ ಎಂದು ಹೇಳಬೇಕು.

ನೇರ ತರಗತಿ ಹಾಳಾಗುವ ಕಾರಣಗಳೂ ಗೊತ್ತಿರುವಂಥವೇ. ಡಿವೈಎಸ್‌ಪಿ ಮತ್ತು ಅವರದೇ ಉಪವಿಭಾಗದ ಪಿಎಸ್‌ಐಗಳನ್ನು ಒಂದೇ ಬ್ಯಾಚಿಗೆ ಹಾಕಿದರೆ ಪಿಎಸ್‌ಐಗಳು ಬಾಯಿ ಬಿಡುವುದಿಲ್ಲ. ಒಂದು ಬ್ಯಾಚಿಗೆ ಒಂದೇ ದರ್ಜೆ, ಸಾಧ್ಯವಾದರೆ ಬೇರೆ ಬೇರೆ ಜಿಲ್ಲೆ. ಎರಡನೆಯದು, ಠಾಣೆಯಲ್ಲೇ ಕೂತು ಕಲಿಯುವುದು. ತುರ್ತು ಸಹಾಯವಾಣಿ 112ರ ಕರೆ ಬರುತ್ತದೆ, ಅರ್ಜಿದಾರರು ಬಾಗಿಲಲ್ಲಿ ನಿಲ್ಲುತ್ತಾರೆ, ಬಂದೋಬಸ್ತಿನ ಫೋನು ಬರುತ್ತದೆ. ಆ 90 ನಿಮಿಷಕ್ಕೆ ಠಾಣೆಯ ಪ್ರಭಾರವನ್ನು ಇನ್ನೊಬ್ಬರಿಗೆ ವಹಿಸಿ ಠಾಣಾ ದಿನಚರಿಯಲ್ಲಿ ನಮೂದು ಮಾಡುವ ವ್ಯವಸ್ಥೆ ಇಲ್ಲದಿದ್ದರೆ ಲಿಂಕು ತೆರೆದಿರುತ್ತದೆ, ಕುರ್ಚಿ ಖಾಲಿ ಇರುತ್ತದೆ. ಮೂರನೆಯದು ಸಮಯ. ಬೆಳಗಿನ ರೋಲ್ ಕಾಲ್ ಹೊತ್ತು, ಸಂಜೆ ಸಂಚಾರ ಏರುವ ಹೊತ್ತು, ಹಬ್ಬದ ವಾರ ಇವೆಲ್ಲ ಬೇಡ. ಮಧ್ಯಾಹ್ನ 2.30ರಿಂದ 4ರವರೆಗೆ ತಕ್ಕ ಮಟ್ಟಿಗೆ ಪರವಾಗಿಲ್ಲ.

ಪರದೆಯ ಮೇಲೆ ಆಗದ ಕೆಲಸವೂ ಇದೆ. ಗುಂಪು ಎದುರಾದಾಗ ದನಿ ಎತ್ತದೆ ಆಜ್ಞೆ ಕೊಡುವುದು, ವಾಕಿಟಾಕಿ ಶಿಸ್ತು, ಲಾಠಿ ಹಿಡಿದ ತಂಡವನ್ನು ಸಾಲಿನಲ್ಲಿ ಹಿಡಿದಿಡುವುದು, ಇದೆಲ್ಲ ಮೈದಾನದ್ದು. ಐಪಿಎಸ್ ಅಧಿಕಾರಿಗಳ ಮಧ್ಯಾವಧಿ ತರಬೇತಿ ಹೈದರಾಬಾದಿನ ಸರ್ದಾರ್ ವಲ್ಲಭಭಾಯಿ ಪಟೇಲ್ ರಾಷ್ಟ್ರೀಯ ಪೊಲೀಸ್ ಅಕಾಡೆಮಿಯಲ್ಲಿ ವಸತಿಸಹಿತವಾಗಿ ನಡೆಯುತ್ತದೆ. ಅದಕ್ಕೆ ಅರ್ಥವಿದೆ. ರಾತ್ರಿ ಊಟದ ನಂತರ ಬೇರೆ ರಾಜ್ಯದ ಸಹೋದ್ಯೋಗಿಯೊಡನೆ ಆಡುವ ಮಾತಿಗೆ ಲಿಂಕು ಕಳಿಸಲಾಗದು.

ಐಐಟಿ, ವಿಶ್ವವಿದ್ಯಾಲಯ: ಸ್ವಂತ ಆಸಕ್ತಿಗೆ

ಐಐಟಿಗಳು ಸೇರಿ ನಡೆಸುವ ಆನ್‌ಲೈನ್ ವೇದಿಕೆ ಎನ್‌ಪಿಟೆಲ್‌ನಲ್ಲಿ ನಾಯಕತ್ವ, ಸಂಘಟನಾ ವರ್ತನೆ, ಮಾನವ ಸಂಪನ್ಮೂಲದ ಕೋರ್ಸ್‌ಗಳಿವೆ. 4, 8 ಅಥವಾ 12 ವಾರ. ಕಲಿಯಲು ಉಚಿತ, ಪ್ರಮಾಣಪತ್ರ ಬೇಕಾದರೆ ಮಾತ್ರ ಶುಲ್ಕ ಕಟ್ಟಿ ಪರೀಕ್ಷಾ ಕೇಂದ್ರಕ್ಕೇ ಹೋಗಿ ಬರೆಯಬೇಕು. ವಾರದ ಅಸೈನ್‌ಮೆಂಟ್‌ಗಳಿಗೆ 25, ಪರೀಕ್ಷೆಗೆ 75 ಅಂಕ. ಇಲ್ಲಿ ರೈಟರ್ ಕೈಯಲ್ಲಿ ಮುಗಿಸುವ ದಾರಿ ಇಲ್ಲ, ಆದ್ದರಿಂದ ಪ್ರಮಾಣಪತ್ರಕ್ಕೆ ತೂಕವಿದೆ. ತೊಂದರೆಯೆಂದರೆ ಪರೀಕ್ಷೆಯ ದಿನಾಂಕ ಮೊದಲೇ ನಿಗದಿಯಾಗಿರುತ್ತದೆ, ಬಂದೋಬಸ್ತ್ ಅದನ್ನು ಕೇಳಿ ಬರುವುದಿಲ್ಲ. ಓದಿನ ರುಚಿ ಇರುವ ಪಿಎಸ್‌ಐ, ಇನ್‌ಸ್ಪೆಕ್ಟರ್‌ಗಳಿಗೆ 8 ವಾರದ್ದು ಸರಿ. ಇಡೀ ಜಿಲ್ಲೆಗೆ ಕಡ್ಡಾಯ ಮಾಡುವ ಬಗೆ ಇದಲ್ಲ. ಇಗ್ನೊದಂಥ ದೂರಶಿಕ್ಷಣ ಡಿಪ್ಲೊಮಾಗಳ ಕಥೆಯೂ ಇದೇ: ಮಾನವ ಹಕ್ಕು, ಅಪರಾಧ ನ್ಯಾಯದ ವಿಷಯದಲ್ಲಿ ತಳ ಗಟ್ಟಿಯಾಗುತ್ತದೆ, ಡ್ಯೂಟಿ ಹಂಚಿಕೆ ಸುಧಾರಿಸುವುದಿಲ್ಲ.

ಮಿಶ್ರ ಬಗೆ: ತ್ರಾಸ ಹೆಚ್ಚು, ಉಳಿಯುವುದೂ ಹೆಚ್ಚು

ಜಿಲ್ಲೆಯ ಹಣ, ಸಮಯ ಎರಡನ್ನೂ ಒಂದೇ ಕಡೆ ಹಾಕಬೇಕಾದರೆ ಇಲ್ಲಿ ಹಾಕಿ. ಆರು ವಾರದ ಒಂದು ಮಾದರಿ: ವಾರಕ್ಕೆ 30 ನಿಮಿಷದ ವಿಡಿಯೊ, ಎರಡು ವಾರಕ್ಕೊಂದು 75 ನಿಮಿಷದ ನೇರ ತರಗತಿ, ಪ್ರತಿ ವಾರ ಠಾಣೆಯಲ್ಲಿ ಒಂದು ಕೆಲಸ. ಮೊದಲ ವಾರದ ಕೆಲಸ ತೀರಾ ಸಣ್ಣದು: ನಿಮ್ಮದೇ ರೋಲ್ ಕಾಲ್ ಮಾತನ್ನು ಐದು ನಿಮಿಷ ಫೋನಿನಲ್ಲಿ ಮುದ್ರಿಸಿಕೊಂಡು ಮನೆಗೆ ಹೋಗಿ ಕೇಳಿ. ಎಷ್ಟು ಸಲ ಬೈದಿರಿ, ಎಷ್ಟು ಹೆಸರು ಹಿಡಿದು ಕರೆದಿರಿ, ಯಾರಾದರೂ ಪ್ರಶ್ನೆ ಕೇಳಿದರೇ ಎಂದು ಎಣಿಸಿ. ಇದನ್ನು ಯಾರಿಗೂ ಕಳಿಸಬೇಕಿಲ್ಲ. ಕಳಿಸಿ ಎಂದರೆ ನಾಟಕ ಮುದ್ರಣವಾಗುತ್ತದೆ.

ಮೂರು, ನಾಲ್ಕನೇ ವಾರಕ್ಕೆ ಬಂದೋಬಸ್ತಿನ ಬ್ರೀಫಿಂಗ್. ಬ್ರಿಟನ್ನಿನ ಪೊಲೀಸರು ಬಳಸುವ ಏಳು ತಲೆಬರಹದ ಕ್ರಮ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ: ಮಾಹಿತಿ, ಉದ್ದೇಶ, ವಿಧಾನ, ವ್ಯವಸ್ಥೆ, ಅಪಾಯ, ಸಂಪರ್ಕ, ಮಾನವ ಹಕ್ಕು. ಗಣೇಶ ವಿಸರ್ಜನೆಗೆ ಹೊಂದಿಸಿ ನೋಡಿ. ಮಾಹಿತಿ ಎಂದರೆ ಎಷ್ಟು ಮೂರ್ತಿ, ಯಾವ ದಾರಿ, ಕಳೆದ ವರ್ಷ ಎಲ್ಲಿ ತಡೆಯಾಯಿತು. ಉದ್ದೇಶ ಒಂದೇ ವಾಕ್ಯ: ‘ಹತ್ತು ಗಂಟೆಯೊಳಗೆ ಕೊನೆಯ ಮೂರ್ತಿ ಕೆರೆ ಮುಟ್ಟಬೇಕು, ಯಾರಿಗೂ ಪೆಟ್ಟಾಗಬಾರದು.’ ವಿಧಾನದಲ್ಲಿ ಯಾವ ಪಾಯಿಂಟಿಗೆ ಯಾರು. ಮೆರವಣಿಗೆ ಸೂಕ್ಷ್ಮ ಜಾಗದಲ್ಲಿ ನಿಂತುಬಿಟ್ಟರೆ ತೀರ್ಮಾನ ಯಾರದು. ಅಪಾಯದಲ್ಲಿ ತಗ್ಗಿರುವ ವಿದ್ಯುತ್ ತಂತಿ, ಕೆರೆಯ ಆಳ. ಸಂಪರ್ಕದಲ್ಲಿ ಚಾನೆಲ್ ಯಾವುದು, ಕೆಟ್ಟರೆ ಯಾರ ಫೋನು. ಕೊನೆಯದರಲ್ಲಿ ಬಲ ಬಳಸಬೇಕಾಗಿ ಬಂದರೆ ಯಾರ ಆದೇಶ, ಎಷ್ಟರ ಮಟ್ಟಿಗೆ. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 148ರಂತೆ ಚದುರಲು ಆದೇಶಿಸುವ ಅಧಿಕಾರ ಯಾರಿಗಿದೆ ಎಂಬುದು ಅಲ್ಲೇ ಬಾಯಿಬಿಟ್ಟು ಹೇಳಬೇಕು. ಎಲ್ಲ ಸೇರಿ ಎಂಟು ನಿಮಿಷ.

ಏಳರಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ‘ವ್ಯವಸ್ಥೆ’: ಊಟ ಎಷ್ಟು ಹೊತ್ತಿಗೆ, ಎಲ್ಲಿ, ರಿಲೀಫ್ ಯಾರು, ಮಹಿಳಾ ಸಿಬ್ಬಂದಿಗೆ ಶೌಚಾಲಯ ಎಲ್ಲಿ. ಬೇರೆ ಜಿಲ್ಲೆಯಿಂದ ಬಂದ ತುಕಡಿಗೆ, ಹೋಂ ಗಾರ್ಡ್‌ಗೆ ಬೀದಿಯ ಹೆಸರೇ ಗೊತ್ತಿರುವುದಿಲ್ಲ. ‘ಹಳೇ ಟಾಕೀಸ್ ಸರ್ಕಲ್’ ಎಂದರೆ ಅವರೆಲ್ಲಿ ಹುಡುಕಬೇಕು? ಕೈಬರಹದ ಒಂದು ನಕ್ಷೆಯ ಫೋಟೊ ಸಾಕು. ಹನ್ನೆರಡು ಗಂಟೆ ಊಟವಿಲ್ಲದೆ ನಿಂತವರಿಂದ ತಾಳ್ಮೆಯ ನಡತೆ ನಿರೀಕ್ಷಿಸಿ, ಆಮೇಲೆ ‘ಸಾರ್ವಜನಿಕರೊಂದಿಗೆ ಸೌಜನ್ಯ’ ಎಂಬ ಕೋರ್ಸಿಗೆ ಕಳಿಸುವುದು ವಿಚಿತ್ರ.

ಐದನೇ ವಾರ ಡ್ಯೂಟಿ ಪಟ್ಟಿ. ಕಳೆದ ನಾಲ್ಕು ವಾರದ ಪಟ್ಟಿ ತೆಗೆದು ಪ್ರತಿ ಹೆಸರಿನ ಮುಂದೆ ರಾತ್ರಿ ಪಾಳಿ ಎಷ್ಟು, ವಾರದ ರಜೆ ಎಷ್ಟು ಸಿಕ್ಕಿತು, ಎಷ್ಟು ರದ್ದಾಯಿತು ಎಂದು ಬರೆಯಿರಿ. ಮೂರು ಹೆಸರು ಯಾವಾಗಲೂ ರಾತ್ರಿ ಪಾಳಿಯಲ್ಲಿ, ಎರಡು ಹೆಸರು ಯಾವಾಗಲೂ ಒಒಡಿಯಲ್ಲಿ ಇರುವುದು ಕಣ್ಣಿಗೆ ಬೀಳುತ್ತದೆ.

ಇಲ್ಲಿ ರಾಜಸ್ಥಾನದ ಅನುಭವ ನೆನಪಿಡಬೇಕು. ಅಲ್ಲಿ 11 ಜಿಲ್ಲೆಗಳ 162 ಠಾಣೆಗಳಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತು ಜೊತೆಗಾರರು, ಒಬ್ಬ ಪೊಲೀಸ್ ಅಧಿಕಾರಿಯೂ ಸೇರಿ, ಹಲವು ಸುಧಾರಣೆಗಳನ್ನು ಪ್ರಯೋಗಿಸಿ ಅಳೆದರು. ಸಿಬ್ಬಂದಿಗೆ ಕೊಟ್ಟ ತರಬೇತಿಯಿಂದ ದೂರುದಾರರ ತೃಪ್ತಿ ಹೆಚ್ಚಿತು. ವಾರದ ರಜೆ ಮತ್ತು ಡ್ಯೂಟಿ ಸರದಿ ಮಾತ್ರ ಠಾಣಾಧಿಕಾರಿಯ ಸಹಕಾರವನ್ನೇ ನಂಬಿದ್ದರಿಂದ ಸರಿಯಾಗಿ ಜಾರಿಯಾಗದೆ ಸೊರಗಿದವು. ಅಂದರೆ ಕಾನ್‌ಸ್ಟೆಬಲ್‌ಗೆ ಎಷ್ಟು ಕೋರ್ಸ್ ಮಾಡಿಸಿದರೂ ಮಧ್ಯದ ಅಧಿಕಾರಿ ಕೈಜೋಡಿಸದಿದ್ದರೆ ಪಟ್ಟಿ ಹಳೇ ದಾರಿಗೇ ಹೊರಳುತ್ತದೆ. ಆದ್ದರಿಂದ ಪಿಎಸ್‌ಐಗಳ ಬ್ಯಾಚ್ ಶುರುವಾಗುವ ಮೊದಲು ಅವರ ಡಿವೈಎಸ್‌ಪಿ, ಸರ್ಕಲ್ ಇನ್‌ಸ್ಪೆಕ್ಟರ್‌ಗಳಿಗೆ ಒಂದು ಗಂಟೆ ಕೊಡಿ: ಏನು ಕಲಿಸುತ್ತೇವೆ, ಯಾವ ವಾರ ಏನು ಕೆಲಸ, ಭೇಟಿಯಲ್ಲಿ ಏನು ಕೇಳಬೇಕು. ಆರು ವಾರದಲ್ಲಿ ಎರಡು ಭೇಟಿ, ತಲಾ ಇಪ್ಪತ್ತು ನಿಮಿಷ. ಬ್ರೀಫಿಂಗ್ ಹಿಂದೆ ನಿಂತು ಕೇಳುವುದು, ಡ್ಯೂಟಿ ಪಟ್ಟಿ ತೆಗೆಸಿ ನೋಡುವುದು. ಈ ಎರಡು ಭೇಟಿ ತಪ್ಪಿದ ಮಿಶ್ರ ಕೋರ್ಸ್ ಬರೀ ದುಬಾರಿ ವಿಡಿಯೊ ಕೋರ್ಸ್.

ದರ್ಜೆಯ ಲೆಕ್ಕದಲ್ಲಿ

ಹೆಡ್ ಕಾನ್‌ಸ್ಟೆಬಲ್ ಮತ್ತು ಎಎಸ್‌ಐಗೆ ಕನ್ನಡದಲ್ಲಿ ಸಣ್ಣ ವಿಡಿಯೊ, ಠಾಣೆಯಲ್ಲೇ ಗುಂಪು ಚರ್ಚೆ. ಒಬ್ಬೊಬ್ಬರ ಫೋನಿಗೆ ಲಿಂಕು ಕಳಿಸಿ ಕೈತೊಳೆದುಕೊಳ್ಳಬೇಡಿ. ಬೀಟ್ ನಡೆಸುವವರು, ದೂರುದಾರರ ಮುಖ ಮೊದಲು ನೋಡುವವರು ಇವರೇ.

ಪಿಎಸ್‌ಐಗೆ ಮಿಶ್ರ ಬಗೆ, ಮರು ಮಾತಿಲ್ಲ. ಮೊದಲ ಸಲ ಠಾಣೆ ಕೈಗೆ ಬಂದ ಆರು ತಿಂಗಳೊಳಗೆ ಆದರೆ ಒಳ್ಳೆಯದು; ಆಮೇಲೆ ರೂಢಿ ಗಟ್ಟಿಯಾಗುತ್ತದೆ. ಇನ್‌ಸ್ಪೆಕ್ಟರ್, ಡಿವೈಎಸ್‌ಪಿಗೆ ನೇರ ತರಗತಿ, ವಿಷಯವೂ ಬೇರೆ: ತಪಾಸಣೆ ಹೇಗೆ ಮಾಡಬೇಕು, ಕೆಳಗಿನವರ ತಪ್ಪನ್ನು ಮೆಮೊ ಇಲ್ಲದೆ ತಿದ್ದುವುದು ಹೇಗೆ, ಯಾವ ತಪ್ಪಿಗೆ ಮೆಮೊ ಕೊಡಲೇಬೇಕು. ಎಸ್‌ಪಿ ದರ್ಜೆಗೆ ವಸತಿ ತರಬೇತಿಯ ಜಾಗದಲ್ಲಿ ಆನ್‌ಲೈನ್ ಕೂರುವುದಿಲ್ಲ, ಅದರ ಮುಂದಿನ ಪೂರ್ವಸಿದ್ಧತೆಗೆ ಮಾತ್ರ ಸಾಕು.

ಒಪ್ಪುವ ಮೊದಲು ಕೇಳುವ ಪ್ರಶ್ನೆ, ಮುಗಿದ ಮೇಲೆ ನೋಡುವ ಲೆಕ್ಕ

ಕೋರ್ಸ್ ನಡೆಸುವವರನ್ನು ಕೇಳಿ: ಬ್ಯಾಚಿಗೆ ಎಷ್ಟು ಜನ? ಒಬ್ಬರು ಎಷ್ಟು ನಿಮಿಷ ಬಾಯಿಬಿಟ್ಟು ಅಭ್ಯಾಸ ಮಾಡುತ್ತಾರೆ? ಕನ್ನಡದಲ್ಲಿ ಇದೆಯೇ, ಅಥವಾ ಇಂಗ್ಲಿಷ್ ಸ್ಲೈಡಿಗೆ ಕನ್ನಡ ಮಾತೇ? ಡ್ಯೂಟಿಯಿಂದಾಗಿ ತಪ್ಪಿಸಿಕೊಂಡವರಿಗೆ ಇನ್ನೊಂದು ಬ್ಯಾಚ್ ಇದೆಯೇ? ಮೂರು ತಿಂಗಳ ನಂತರ ಮತ್ತೆ ಭೇಟಿಯಾಗುತ್ತಾರೆಯೇ? ಕೊನೆಯ ಪ್ರಶ್ನೆಗೆ ‘ಪ್ರಮಾಣಪತ್ರ ಕೊಡುತ್ತೇವೆ’ ಎಂಬ ಉತ್ತರ ಬಂದರೆ ಬೇರೆಯವರನ್ನು ನೋಡಿ.

ತರಬೇತಿಯ ಫಲ ಅಳೆಯಲು ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಮುಂದಿಟ್ಟ ನಾಲ್ಕು ಮೆಟ್ಟಿಲು ಇಂದಿಗೂ ಚಾಲ್ತಿಯಲ್ಲಿವೆ: ಮೆಚ್ಚಿದರೇ, ಕಲಿತರೇ, ನಡತೆ ಬದಲಾಯಿತೇ, ಫಲಿತಾಂಶ ಬಂತೇ. ಆನ್‌ಲೈನ್ ವೇದಿಕೆಗಳು ಮೊದಲ ಎರಡನ್ನು ತಾವೇ ಲೆಕ್ಕ ಹಾಕಿಕೊಡುತ್ತವೆ, ಆದ್ದರಿಂದ ವರದಿಯೂ ಅಲ್ಲಿಗೇ ನಿಲ್ಲುತ್ತದೆ. ಮೂರನೆಯದಕ್ಕೆ ಠಾಣೆಯ ದಾಖಲೆಯೇ ಸಾಕು: ರದ್ದಾದ ವಾರದ ರಜೆ, 90 ದಿನದೊಳಗೆ ಪ್ರಗತಿ ತಿಳಿಸಿದ ಪ್ರಕರಣ, ಶೋಧದ ವಿಡಿಯೊ ಇಲ್ಲದ ಮಹಜರು. ಕೋರ್ಸಿಗೆ ಮುಂಚಿನ ಮೂರು ತಿಂಗಳು, ನಂತರದ ಮೂರು ತಿಂಗಳು ಪಕ್ಕಪಕ್ಕ ಇಡಿ.

ಎಫ್‌ಐಆರ್ ಸಂಖ್ಯೆಯ ಬಗ್ಗೆ ಮಾತ್ರ ಜಾಗ್ರತೆ. ಸಂಜ್ಞೇಯ ಅಪರಾಧದ (ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ) ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಮಧ್ಯಪ್ರದೇಶದಲ್ಲಿ 180 ಠಾಣೆಗಳಲ್ಲಿ ನಡೆದ ಮಹಿಳಾ ಸಹಾಯ ಕೇಂದ್ರಗಳ ಪ್ರಯೋಗದಲ್ಲೂ ತರಬೇತಿ ಪಡೆದ ಸಿಬ್ಬಂದಿ ಕೂತ ಕಡೆ, ಅದರಲ್ಲೂ ಮಹಿಳಾ ಅಧಿಕಾರಿ ಇದ್ದ ಕಡೆ, ಮಹಿಳೆಯರ ದೂರುಗಳ ದಾಖಲಾತಿ ಏರಿತು. ಚೆನ್ನಾಗಿ ನಡೆಯುವ ಠಾಣೆಯಲ್ಲಿ ಜನ ಧೈರ್ಯವಾಗಿ ಬರುತ್ತಾರೆ, ಅಂಕಿ ಮೇಲೇರುತ್ತದೆ. ಆ ತಿಂಗಳ ಅಪರಾಧ ಪರಿಶೀಲನಾ ಸಭೆಯಲ್ಲಿ ‘ನಿಮ್ಮ ಠಾಣೆಯಲ್ಲಿ ಕ್ರೈಂ ಯಾಕೆ ಜಾಸ್ತಿ?’ ಎಂದು ಪಿಎಸ್‌ಐಯನ್ನು ಎಬ್ಬಿಸಿ ನಿಲ್ಲಿಸಿದರೆ ಮುಂದಿನ ತಿಂಗಳು ಅರ್ಜಿಗಳೆಲ್ಲ ‘ವಿಚಾರಣೆಯಲ್ಲಿದೆ’ ಎಂಬ ಕಟ್ಟಿಗೆ ಹೋಗಿ ಬೀಳುತ್ತವೆ, ಆರು ವಾರದ ಕೋರ್ಸೂ ಅದರ ಜೊತೆಗೆ.